ಗಡಿ ಕಾಯುವವನ ಬಿರುದು

ಶ್ರೀರಂಗಪಟ್ಟಣದ ಯುದ್ಧಗಳ ಕಥೆ ಓದಿದವರಿಗೆ ‘ಮಾರ್ಕ್ವಿಸ್’ ಎಂಬ ಬಿರುದು ಹೊಸದಲ್ಲ. ಟಿಪ್ಪುವಿನ ಮೇಲೆ ಯುದ್ಧ ನಡೆಸಿದ ಬ್ರಿಟಿಷ್ ಗವರ್ನರ್ ಜನರಲ್‌ಗಳಾದ ಕಾರ್ನ್‌ವಾಲಿಸನಿಗೂ ಅದು ಸಿಕ್ಕಿತು, ವೆಲ್ಲೆಸ್ಲಿಗೂ ಸಿಕ್ಕಿತು. ಬ್ರಿಟನ್ನಿನಲ್ಲಿ ಡ್ಯೂಕ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಅರ್ಲ್‌ಗಿಂತ ಒಂದು ಮೆಟ್ಟಿಲು ಮೇಲೆ ಅದರ ಜಾಗ.

ಪದ ಹುಟ್ಟಿದ್ದು ಸರಹದ್ದಿನಲ್ಲಿ. ಹಳೆಯ ಜರ್ಮ್ಯಾನಿಕ್ ನುಡಿಗಳಲ್ಲಿ ‘ಮಾರ್ಕ’ ಎಂದರೆ ಎಲ್ಲೆ. ಶಾರ್ಲಮೇನ್ ದೊರೆ ತನ್ನ ಸಾಮ್ರಾಜ್ಯದ ಅಂಚಿನಲ್ಲಿ, ಸ್ಪೇನ್ ಕಡೆಗೆ, ಬ್ರಿಟನಿ ಕಡೆಗೆ, ಇಂಥ ಗಡಿನಾಡುಗಳನ್ನು ಕಟ್ಟಿದ. ಒಳನಾಡಿನ ಕೌಂಟ್ ಕಂದಾಯ, ನ್ಯಾಯ ನೋಡಿಕೊಂಡಿದ್ದರೆ ನಡೆಯುತ್ತಿತ್ತು. ಗಡಿಯವನ ಪಾಡು ಬೇರೆ. ಶತ್ರು ನುಗ್ಗಿ ಬಂದಾಗ ಅರಸನ ಅಪ್ಪಣೆಗೆ ಕಾಯುತ್ತ ಕೂರುವಂತಿಲ್ಲ. ಹಾಗಾಗಿ ಅವನಿಗೆ ಹೆಚ್ಚಿನ ದಂಡು, ಹೆಚ್ಚಿನ ನೆಲ, ಹೆಚ್ಚಿನ ಸ್ವಾತಂತ್ರ್ಯ. ಅವನೇ ಜರ್ಮನರ ಮಾರ್ಕ್‌ಗ್ರಾಫ್, ಫ್ರೆಂಚರ ಮಾರ್ಕಿ. ಡೆನ್ಮಾರ್ಕ್ ಹೆಸರಿನ ಕೊನೆಗೆ ಅಂಟಿಕೊಂಡಿರುವುದೂ ಇದೇ ಮಾರ್ಕ್. ಆಸ್ಟ್ರಿಯಾ ಕೂಡ ಮೊದಲು ಬವೇರಿಯಾದ ಪೂರ್ವದ ಗಡಿನಾಡು. 976ರಲ್ಲಿ ಬಾಬೆನ್‌ಬರ್ಗ್ ಮನೆತನದ ಕೈಗೆ ಬಂತು. ಕಾವಲಿಗೆಂದು ಕೊಟ್ಟ ನೆಲವೇ ಮುಂದೆ ಸಾಮ್ರಾಜ್ಯವಾಗಿ ಬೆಳೆಯಿತು.

ಇಂಗ್ಲೆಂಡಿಗೆ ಈ ಬಿರುದು ಬಂದದ್ದು ತಡವಾಗಿ. 1385ರಲ್ಲಿ ಎರಡನೆಯ ರಿಚರ್ಡ್ ತನ್ನ ಮೆಚ್ಚಿನ ರಾಬರ್ಟ್ ಡಿ ವಿಯರ್‌ನನ್ನು ಡಬ್ಲಿನ್ನಿನ ಮಾರ್ಕ್ವಿಸ್ ಮಾಡಿ, ಅರ್ಲ್‌ಗಳಿಗಿಂತ ಮೇಲೆ ಕೂರಿಸಿದ. ಅವರಿಗೆ ಅದನ್ನು ಸಹಿಸಲಾಗಲಿಲ್ಲ. ನನಗೆ ಬಹಳ ಹಿಡಿಸಿದ್ದು ಜಾನ್ ಬೋಫರ್ಟ್‌ನ ಪ್ರಸಂಗ. ಅವನಿಗಿದ್ದ ಮಾರ್ಕ್ವಿಸ್ ಪದವಿಯನ್ನು 1399ರಲ್ಲಿ ಕಿತ್ತುಕೊಳ್ಳಲಾಗಿತ್ತು. 1402ರಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸದಸ್ಯರೇ ಅದನ್ನು ಮರಳಿಸಿ ಎಂದು ಕೇಳಿಕೊಂಡಾಗ, ಈ ಹೆಸರು ನಮ್ಮ ರಾಜ್ಯಕ್ಕೆ ಪರಕೀಯ ಎಂದು ಬೋಫರ್ಟ್ ತಾನೇ ಬೇಡವೆಂದ. ಬಿರುದಿನ ಹಿಂದೆ ಕೆಲಸವಿದೆಯೇ ಎಂದು ನೋಡಿದ ಇಂಥವರು ವಿರಳ.

ಆಮೇಲೆ ಅದು ಬರೀ ಅಂತಸ್ತಾಯಿತು. 1532ರಲ್ಲಿ ಆನ್ ಬೊಲಿನ್‌ಳಿಗೆ, ಮದುವೆಗೆ ಮೊದಲೇ, ಎಂಟನೆಯ ಹೆನ್ರಿ ಪೆಂಬ್ರೋಕಿನ ಮಾರ್ಕ್ವಿಸ್ ಪದವಿ ಕೊಟ್ಟ.

ಮತ್ತೆ ಶ್ರೀರಂಗಪಟ್ಟಣಕ್ಕೆ ಬರೋಣ. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು. ಅದೇ ವರ್ಷ ಕಾರ್ನ್‌ವಾಲಿಸ್ ಮಾರ್ಕ್ವಿಸ್ ಆದ. 1799ರಲ್ಲಿ ಟಿಪ್ಪು ಮಡಿದ. ವರ್ಷ ಮುಗಿಯುವುದರೊಳಗೆ ರಿಚರ್ಡ್ ವೆಲ್ಲೆಸ್ಲಿಗೂ ಅದೇ ಪದವಿ. ಐರ್ಲೆಂಡಿನ ಲೆಕ್ಕದಲ್ಲಿ ಕೊಟ್ಟರೆಂದು ಅವನು ಕುದಿದುಹೋದ, ಗಿಲೀಟು ಬಳಿದ ಆಲೂಗಡ್ಡೆ ಎಂದು ಜರೆದ. ತನ್ನ ಗಡಿ ಕಾಯುವವನ ಹೆಸರು ಪರರ ಕೋಟೆ ಒಡೆದವರಿಗೆ ಸಂದದ್ದು ಆ ಪದಕ್ಕಾದ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಎರಡೂ ಪದವಿಗಳು ಹೆಚ್ಚು ಕಾಲ ಬಾಳಲಿಲ್ಲ. ಗಂಡು ವಾರಸುದಾರರಿಲ್ಲದೆ ಕಾರ್ನ್‌ವಾಲಿಸ್ ಮನೆತನದ್ದು 1823ರಲ್ಲಿ ಕೊನೆಯಾಯಿತು, ವೆಲ್ಲೆಸ್ಲಿಯದು 1842ರಲ್ಲಿ ಅವನೊಂದಿಗೇ ಹೋಯಿತು.