ಸವೆದ ಪುಡಿ ಎಲ್ಲಿಗೆ ಹೋಗುತ್ತದೆ?

ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯ ಒಪ್ಪಿಗೆಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಬಂತು. ಸೊಂಟದ ಕೀಲು ಬದಲಿಸುವ ಆಪರೇಷನ್ನಿಗೆ ಮೊದಲು ರೋಗಿ ಓದಿ ಸಹಿ ಹಾಕಬೇಕಾದ ಕಾಗದ. ಅದರಲ್ಲಿ ‘ವೇರ್ ಡೆಬ್ರಿ’ ಎಂಬ ಎರಡು ಪದಗಳ ಮುಂದೆ ಅರ್ಧ ದಿನ ಕೂತೆ. ‘ಸವೆತದ ಅವಶೇಷ’ ಎಂದು ಬರೆದು ಹೊಡೆದುಹಾಕಿದೆ, ಹಂಪಿ ನೆನಪಾಯಿತು. ಕೊನೆಗೆ ‘ಸವೆದ ಪುಡಿ’ ಎಂದಿಟ್ಟೆ. ಸವೆತದ ಬಗ್ಗೆ ನಾವು ಮಾತಾಡುವಾಗ ಕಣ್ಣೆಲ್ಲ ಉಳಿದದ್ದರ ಮೇಲೆ: ಸವಕಲು ನಾಣ್ಯ, ಸವೆದ ಮೆಟ್ಟಿಲು, ಸವೆದ ಚಪ್ಪಲಿ. ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳುವುದಿಲ್ಲ. ಚಪ್ಪಲಿಯ ಪುಡಿಗೆ ರಸ್ತೆಯಿದೆ. ಮೈಯೊಳಗೆ ಕೂರಿಸಿದ ಕೀಲಿನ ಪುಡಿ ಮೈಯೊಳಗೇ ಇರಬೇಕು.

ಮೊದಮೊದಲು ವೈದ್ಯರಿಗೆ ಹೆಚ್ಚು ಕಾಡಿದ್ದು ಪುಡಿಯಲ್ಲ, ಲೋಹ ತಿಂದುಹೋಗುವುದು. ನಮ್ಮ ದೇಹದ ದ್ರವ ಉಪ್ಪುನೀರು. ಬೇರೆಬೇರೆ ಲೋಹದ ಸ್ಕ್ರೂ, ಪಟ್ಟಿಗಳನ್ನು ಅದರಲ್ಲಿಟ್ಟರೆ ಸಣ್ಣ ಬ್ಯಾಟರಿಯೇ ತಯಾರು. ಅಮೆರಿಕದ ವೆನಬಲ್ ಮತ್ತು ಸ್ಟಕ್ ಇದನ್ನು ನಾಯಿಗಳ ಮೇಲೆ ಪರೀಕ್ಷಿಸಿ 1930ರ ದಶಕದಲ್ಲಿ ತೋರಿಸಿಕೊಟ್ಟರು. ಕೋಬಾಲ್ಟ್–ಕ್ರೋಮಿಯಂ ಬೆರಕೆಯಾದ ವೈಟಾಲಿಯಂ ಮೈಯೊಳಗೆ ಸುಮ್ಮನಿರುತ್ತದೆ ಎಂದೂ ಹೇಳಿದರು. ಕ್ರೋಮಿಯಂ ತನ್ನ ಮೇಲೆ ತಾನೇ ಆಕ್ಸೈಡಿನ ತೆಳು ಪೊರೆ ಹೊದ್ದುಕೊಳ್ಳುತ್ತದೆ, ರಕ್ಷಣೆ ಅದರದ್ದು. ಈ ಪೊರೆಯ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ಇಂಗ್ಲೆಂಡಿನ ಜಾನ್ ಚಾರ್ನ್ಲಿಯ ಕತೆ. 1911ರಲ್ಲಿ ಲ್ಯಾಂಕಶೈರಿನ ಬರಿ ಊರಿನಲ್ಲಿ ಹುಟ್ಟಿದ ಮೂಳೆ ಶಸ್ತ್ರವೈದ್ಯ. ಆ ಕಾಲಕ್ಕೆ ಪ್ಯಾರಿಸಿನ ಜೂಡೆ ಸಹೋದರರು ತೊಡೆಮೂಳೆಯ ಗುಂಡನ್ನು ತೆಗೆದು ಅಕ್ರಿಲಿಕ್ ಗುಂಡು ಕೂರಿಸುತ್ತಿದ್ದರು. ಹಾಗೆ ಕೂರಿಸಿಕೊಂಡ ಒಬ್ಬ ರೋಗಿ ಊಟದ ಮೇಜಿನಲ್ಲಿ ಮುಂದಕ್ಕೆ ಬಾಗಿದರೆ ಸಾಕು, ಸೊಂಟ ಕಿರ್ರೆನ್ನುತ್ತಿತ್ತಂತೆ. ಹೆಂಡತಿ ಅದನ್ನು ಕೇಳಲಾರದೆ ಎದ್ದು ಹೋಗುತ್ತಿದ್ದಳಂತೆ. ಉಳಿದವರು ನಕ್ಕು ಬಿಟ್ಟ ಆ ಸದ್ದಿನಲ್ಲಿ ಚಾರ್ನ್ಲಿಗೆ ಕೇಳಿದ್ದು ಘರ್ಷಣೆ. ಸಹಜ ಕೀಲು ಮಂಜುಗಡ್ಡೆಗಿಂತ ನುಣುಪಾಗಿ ಜಾರುತ್ತದೆ. ಹಾಗೆ ಜಾರುವ ವಸ್ತು ಯಾವುದು? ಟೆಫ್ಲಾನ್. ನಮ್ಮ ದೋಸೆ ಕಾವಲಿಗೆ ಅದು ಬರುವ ಎಷ್ಟೋ ವರ್ಷ ಮೊದಲೇ ಮನುಷ್ಯರ ಸೊಂಟಕ್ಕೆ ಬಂತು.

1950ರ ದಶಕದ ಕೊನೆಯಿಂದ, ವಿಗನ್ ಪಟ್ಟಣದ ಹತ್ತಿರದ ರೈಟಿಂಗ್ಟನ್‌ನಲ್ಲಿ, ಹಿಂದೆ ಕ್ಷಯರೋಗಿಗಳಿಗಾಗಿದ್ದ ಆಸ್ಪತ್ರೆಯಲ್ಲಿ, ಅವರು ಸುಮಾರು 300 ಜನರಿಗೆ ಟೆಫ್ಲಾನ್ ಬಟ್ಟಲು, ಸ್ಟೀಲಿನ ಗುಂಡು ಕೂರಿಸಿದರು. ಹಿಡಿದಿಡಲು ದಂತವೈದ್ಯರ ಅಕ್ರಿಲಿಕ್ ಸಿಮೆಂಟ್. ಮೊದಲ ದಿನಗಳು ಅದ್ಭುತ. ನೋವಿನಿಂದ ನಿದ್ದೆ ಕಾಣದವರು ಎದ್ದು ನಡೆದರು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಒಬ್ಬೊಬ್ಬರಾಗಿ ಹಿಂದಿರುಗಿದರು. ಗುಂಡು ಬಟ್ಟಲನ್ನು ಕೊರೆದು ಒಳಗೆ ಇಳಿದಿತ್ತು. ಕೀಲಿನ ಸುತ್ತ ಬೆಣ್ಣೆಗಿಣ್ಣಿನಂಥ ಬಿಳಿ ಮುದ್ದೆ ಕಟ್ಟಿ ಮೂಳೆಯನ್ನು ತಿನ್ನುತ್ತಿತ್ತು.

ಜಾರುವುದು ಬೇರೆ, ಸವೆಯದಿರುವುದು ಬೇರೆ. ಸಾಬೂನು ಎಷ್ಟು ಚೆನ್ನಾಗಿ ಜಾರುತ್ತದೆ, ಎಷ್ಟು ಬೇಗ ಮುಗಿಯುತ್ತದೆ! ಬಚ್ಚಲಿನಲ್ಲಿ ದಿನಾ ಕಾಣುವ ಈ ವ್ಯತ್ಯಾಸ ಅಷ್ಟು ಬುದ್ಧಿವಂತರ ಕಣ್ಣು ತಪ್ಪಿಸಿತು. ಚಾರ್ನ್ಲಿಯನ್ನು ಸಮರ್ಥಿಸುವ ಉತ್ಸಾಹ ನನಗಿಲ್ಲ. ಒಂದೆರಡು ವರ್ಷ ಯಂತ್ರದ ಮೇಲೆ ಉಜ್ಜಿ ನೋಡಿ ಆಮೇಲೆ ರೋಗಿಗಳ ಬಳಿ ಹೋಗಬಹುದಿತ್ತು. ಆದರೆ ಮುಂದೆ ಅವರು ಮಾಡಿದ್ದನ್ನು ಎಲ್ಲರೂ ಮಾಡುವುದಿಲ್ಲ. ಟೆಫ್ಲಾನ್ ಪುಡಿಯನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು. ತಿಂಗಳುಗಳು ಕಳೆದ ಮೇಲೂ ಅಲ್ಲಿ ಗಂಟು ಕೈಗೆ ಸಿಗುತ್ತಿತ್ತು. ಅದನ್ನು 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದರು.

ಅಷ್ಟರಲ್ಲಿ ಬದಲಿ ವಸ್ತು ಸಿಕ್ಕಿತ್ತು. ಅದು ಬಂದ ಬಗೆ ನನಗೆ ಈ ಕತೆಯಲ್ಲೇ ಹೆಚ್ಚು ಇಷ್ಟ. 1962ರಲ್ಲಿ, ಬಟ್ಟೆ ಮಗ್ಗಗಳಿಗೆ ಪ್ಲಾಸ್ಟಿಕ್ ಗಿಯರ್ ಮಾರುವವನೊಬ್ಬ ಪಾಲಿಥೀನಿನ ಒಂದು ತುಂಡನ್ನು ಆಸ್ಪತ್ರೆಗೆ ತಂದ. ಚೀಲದ ಪಾಲಿಥೀನಲ್ಲ, ಅಣುಸರಪಳಿ ಅತಿ ಉದ್ದವಿರುವ ಗಟ್ಟಿ ಜಾತಿಯದು. ಚಾರ್ನ್ಲಿ ಅದಕ್ಕೆ ಉಗುರು ಒತ್ತಿ ನೋಡಿ, ಇದು ಆಗುವುದಲ್ಲ ಎಂದು ಹೊರಟುಹೋದರು. ಅವರ ವರ್ಕ್‌ಶಾಪಿನ ಹ್ಯಾರಿ ಕ್ರೇವನ್ ಮಾತ್ರ ತಾನೇ ಕಟ್ಟಿದ ಸವೆತದ ಯಂತ್ರಕ್ಕೆ ಆ ತುಂಡನ್ನು ಹಾಕಿ ಓಡಲು ಬಿಟ್ಟ. ಹಗಲು ರಾತ್ರಿ ಮೂರು ವಾರ ಓಡಿದರೂ, ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಅದು ಸವೆದಿರಲಿಲ್ಲ. ಅದೇ ನವೆಂಬರಿನಲ್ಲಿ ಚಾರ್ನ್ಲಿ ಪಾಲಿಥೀನ್ ಬಟ್ಟಲು ಬಳಸತೊಡಗಿದರು. ಈ ಸಲ ಅವಸರ ಮಾಡಲಿಲ್ಲ. ರೈಟಿಂಗ್ಟನ್ನಿಗೆ ಬಂದು ಕಲಿಯದ ವೈದ್ಯರಿಗೆ ತಮ್ಮ ಕೀಲು ಮಾರಕೂಡದೆಂದು ವರ್ಷಗಟ್ಟಲೆ ತಡೆದು ಹಿಡಿದರು. ಸತ್ತ ಮೇಲೆ ಕೀಲನ್ನು ಪರೀಕ್ಷೆಗೆ ಕೊಡಿ ಎಂದು ರೋಗಿಗಳನ್ನೇ ಕೇಳಿದರು.

ತಮ್ಮ ತೊಡೆಗೆ ಚಾರ್ನ್ಲಿ ಪಾಲಿಥೀನ್ ಪುಡಿಯನ್ನೂ ಚುಚ್ಚಿಕೊಂಡಿದ್ದರು. ಅದು ಗಂಟು ಕಟ್ಟಲಿಲ್ಲ. ಹಾಗಾಗಿ ಪಾಲಿಥೀನ್ ನಿರ್ದೋಷಿ ಎಂದಾಯಿತು. ಇಪ್ಪತ್ತು ಇಪ್ಪತ್ತೈದು ವರ್ಷ ಕಳೆದಾಗ ಸಾವಿರಾರು ಸೊಂಟಗಳಲ್ಲಿ ಮೂಳೆ ಕರಗಿ ಕೀಲು ಸಡಿಲಾಗತೊಡಗಿತು. ಮೊದಲು ಸಿಮೆಂಟನ್ನು ದೂರಿ ‘ಸಿಮೆಂಟ್ ಕಾಯಿಲೆ’ ಎಂದು ಹೆಸರಿಟ್ಟರು. ಸಿಮೆಂಟಿಲ್ಲದೆ ಕೂರಿಸಿದ ಕೀಲುಗಳಲ್ಲೂ ಅದೇ ಕಂಡಿತು. ಅಪರಾಧಿ ಪಾಲಿಥೀನಿನ ಪುಡಿಯೇ: ಒಂದು ಮೈಕ್ರಾನಿಗಿಂತ ಸಣ್ಣ ಕಣಗಳು. ದೇಹದ ಕಾವಲು ಕೋಶಗಳು ಅವನ್ನು ನುಂಗುತ್ತವೆ, ಜೀರ್ಣಿಸಲಾರವು. ಅವು ಹೊರಬಿಡುವ ಸಂಕೇತಗಳು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಇನ್ನೊಂದು ಎಡವಟ್ಟೂ ಇತ್ತು. ಕ್ರಿಮಿ ಕೊಲ್ಲಲೆಂದು ಬಟ್ಟಲುಗಳನ್ನು ಗಾಳಿಯಲ್ಲೇ ಗಾಮಾ ಕಿರಣಕ್ಕೆ ಒಡ್ಡುತ್ತಿದ್ದರು. ಅದರಿಂದ ಪ್ಲಾಸ್ಟಿಕ್ ಆಮ್ಲಜನಕ ಹೀರಿ, ಕಪಾಟಿನಲ್ಲಿರುವಾಗಲೇ ಪೆಡಸಾಗುತ್ತಿತ್ತು. ಅಣುಸರಪಳಿಗಳನ್ನು ಪರಸ್ಪರ ಹೆಣೆದು, ಶಾಖ ಕೊಟ್ಟು ಸ್ಥಿರಗೊಳಿಸಿದ ಹೊಸ ಪಾಲಿಥೀನ್ 1990ರ ದಶಕದ ಕೊನೆಗೆ ಬಂದ ಮೇಲೆ ಸವೆತ ಬಹಳ ಇಳಿಯಿತು. ಆಮೇಲೆ ವಿಟಮಿನ್ ಇ ಬೆರೆಸಿದ್ದೂ ಬಂತು.

ಪ್ಲಾಸ್ಟಿಕ್ಕಿನ ಸಹವಾಸವೇ ಬೇಡವೆಂದು ಕೆಲವರು ಲೋಹದ ಮೇಲೆ ಲೋಹ ಉಜ್ಜುವ ಹಳೆಯ ಉಪಾಯಕ್ಕೆ ಮರಳಿದರು. ಅಲ್ಲಿ ಸವೆತವೂ ತುಕ್ಕೂ ಕೈಜೋಡಿಸಿದವು. ಗುಂಡು ಮತ್ತು ಕಂಬಿ ಕೂಡುವ ಸಂದಿನಲ್ಲಿ ಕೂದಲೆಳೆಯಷ್ಟು ಅಲುಗಾಟವಾದರೂ ಆ ಆಕ್ಸೈಡ್ ಪೊರೆ ಕಿತ್ತುಬರುತ್ತದೆ; ಸಂದಿನಲ್ಲಿ ನಿಂತ ದ್ರವದಲ್ಲಿ ಬರಿ ಲೋಹ ಕರಗುತ್ತದೆ. ಡಿಪ್ಯೂ ಕಂಪನಿಯ ಎಎಸ್ಆರ್ ಎಂಬ ಇಂಥ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನೆಲ್ಲೆಡೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಬ್ರಿಟನ್ನಿನ ನೋಂದಣಿ ಪುಸ್ತಕದ ಪ್ರಕಾರ ಐದು ವರ್ಷದಲ್ಲಿ ನೂರಕ್ಕೆ 12–13 ಕೀಲುಗಳಿಗೆ ಮರುಆಪರೇಷನ್ ಬೇಕಾಗಿತ್ತು. ಭಾರತದಲ್ಲಿ ಸುಮಾರು 4,700 ಆಪರೇಷನ್ ನಡೆದಿದ್ದವು. ನಮ್ಮಲ್ಲಿ ಅಂಥ ಪುಸ್ತಕ ಇರಲಿಲ್ಲ. ಬಹುಪಾಲು ರೋಗಿಗಳ ಪತ್ತೆಯೇ ಸಿಗಲಿಲ್ಲವೆಂದು ಸರ್ಕಾರ ನೇಮಿಸಿದ ಸಮಿತಿ ಹೇಳಿತು. 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರ ಬಂದದ್ದು 2018ರಲ್ಲಿ.

ನನ್ನ ಒಪ್ಪಿಗೆಪತ್ರದಲ್ಲಿ ಮುಂದಿನ ಪದವೇ ‘ಕರೋಷನ್’. ‘ತುಕ್ಕು’ ಎಂದರೆ ಓದುವವರಿಗೆ ಹಳೇ ಕಬ್ಬಿಣದ ಗೇಟು ಕಾಣುತ್ತದೆ; ಕೋಬಾಲ್ಟ್ ಹಾಗೆ ಕೆಂಪಾಗುವುದಿಲ್ಲ. ‘ಲೋಹ ಸ್ವಲ್ಪ ಸ್ವಲ್ಪವೇ ಕರಗಿ ರಕ್ತಕ್ಕೆ ಸೇರಬಹುದು’ ಎಂದು ಬರೆದೆ. ಉದ್ದವಾಯಿತು, ಜನ ಹೆದರುತ್ತಾರೆ, ಒಂದೇ ಪದದಲ್ಲಿ ಹೇಳಿ ಎಂದು ಫೋನು ಬಂತು. ಜಾಗ ಸಾಲದಿದ್ದರೆ ಬೇರೆ ಯಾವುದಾದರೂ ಸಾಲು ತೆಗೆಯಿರಿ ಎಂದೆ.