ವ್ಯಾಗನ್ನಿನ ಮೈಮೇಲಿನ ಬಿಳಿ ಅಕ್ಷರ

ಮಾದರಿ ರೈಲು ಕಟ್ಟುವ ಹವ್ಯಾಸಿಯು ಸರಕು ವ್ಯಾಗನ್ನಿನ ಒಡಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ವಾರದಲ್ಲಿ ಮಾಡಿ ಮುಗಿಸಬಹುದು. ಕೆಂಗಂದು ಬಣ್ಣ ಬಳಿಯಲು ಒಂದು ಸಂಜೆ ಸಾಕು. ಆಮೇಲೆ ಅದರ ಮೈಮೇಲೆ ರೈಲ್ವೆಯ ಹೆಸರು, ಸಂಖ್ಯೆ, ಖಾಲಿ ತೂಕ, ಹೊರುವ ಭಾರ, ದುರಸ್ತಿಯ ದಿನಾಂಕ ಇವನ್ನೆಲ್ಲ ಬಿಳಿಯಲ್ಲಿ ಮೂಡಿಸಬೇಕಾಗಿ ಬಂದಾಗ ಕೆಲಸ ನಿಂತುಬಿಡುತ್ತದೆ. ಎಚ್‌.ಓ. ಎಂದು ಕರೆಯುವ ಪ್ರಸಿದ್ಧ ಅಳತೆಯಲ್ಲಿ ಮಾದರಿಯು ಮೂಲದ 87ನೆಯ ಒಂದು ಭಾಗ. ನಿಜವಾದ ವ್ಯಾಗನ್ನಿನ ಮೇಲೆ 15 ಸೆಂಟಿಮೀಟರ್ ಎತ್ತರವಿರುವ ಅಂಕಿ ಇಲ್ಲಿ 1.7 ಮಿಲಿಮೀಟರಿಗೆ ಇಳಿಯುತ್ತದೆ. 5 ಸೆಂಟಿಮೀಟರಿನದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಇಷ್ಟು ಚಿಕ್ಕದನ್ನು ಕುಂಚದಿಂದ ಬರೆಯುವ ಕೈ ಲಕ್ಷಕ್ಕೊಂದು ಇದ್ದೀತು.

ಪಶ್ಚಿಮದ ಹವ್ಯಾಸಿಗಳಿಗೆ ಈ ತೊಡಕು ಎಂದೋ ಪರಿಹಾರವಾಗಿದೆ. ಲಂಡನ್ನಿನ ಲೆಟ್ರಾಸೆಟ್ ಸಂಸ್ಥೆ 1961ರಲ್ಲಿ ಒಣ ಅಕ್ಷರಗಳ ಹಾಳೆಯನ್ನು ಮಾರುಕಟ್ಟೆಗೆ ತಂದಿತು. ಹಾಳೆಯನ್ನು ಮೇಲಿಟ್ಟು ಹಿಂಬದಿಯಿಂದ ಉಜ್ಜಿದರೆ ಅಕ್ಷರ ಕೆಳಗೆ ಅಂಟಿಕೊಳ್ಳುತ್ತದೆ. ನಮ್ಮ ಕಚೇರಿಗಳ ನಕ್ಷೆ ವಿಭಾಗದವರಿಗೂ ಪತ್ರಿಕೆಗಳ ಕಲಾವಿದರಿಗೂ ಕಂಪ್ಯೂಟರ್ ಬರುವ ತನಕ ಅದೇ ಆಸರೆಯಾಗಿತ್ತು. ಇನ್ನೊಂದು ಬಗೆ ಡೀಕಾಲ್: ಗೋಂದಿನ ಲೇಪವಿರುವ ಕಾಗದದ ಮೇಲೆ ತೆಳು ಪೊರೆಯಲ್ಲಿ ಅಚ್ಚಾದ ಅಕ್ಷರ. ನೀರಿನಲ್ಲಿ ನೆನೆಸಿದರೆ ಪೊರೆ ಕಾಗದದಿಂದ ಜಾರಿ ವ್ಯಾಗನ್ನಿನ ಮೇಲೆ ಕೂರುತ್ತದೆ. ಅಮೆರಿಕದ ಮೈಕ್ರೋಸ್ಕೇಲ್ ಕಂಪನಿ ಇಂಥ ಹಾಳೆಗಳನ್ನು ಲೆಕ್ಕವಿಲ್ಲದಷ್ಟು ಬಗೆಗಳಲ್ಲಿ ಮಾಡಿದೆ. ಅವುಗಳಲ್ಲಿ ಸಾಂಟಾ ಫೆ ಇದೆ, ಯೂನಿಯನ್ ಪೆಸಿಫಿಕ್ ಇದೆ. ಬೆಜವಾಡೆಯ ಯಾರ್ಡಿನಲ್ಲಿ ನಿಂತ ವ್ಯಾಗನ್ನಿಗೆ ಬೇಕಾದ ಅಕ್ಷರವನ್ನು ಅಲ್ಲಿ ಹುಡುಕಿದರೆ ಸಿಗಬೇಕಾದರೂ ಹೇಗೆ? ಬಿಡಿ ಅಕ್ಷರಗಳ ಹಾಳೆ ತರಿಸಿ ಒಂದೊಂದಾಗಿ ಜೋಡಿಸಬಹುದು; ಆದರೆ ಹಾಳೆಯ ಬೆಲೆಗೆ ಅಂಚೆಯ ವೆಚ್ಚವೂ ಸುಂಕವೂ ಸೇರಿದಾಗ ಅಕ್ಷರವೇ ವ್ಯಾಗನ್ನಿಗಿಂತ ದುಬಾರಿಯಾಗುತ್ತದೆ.

ಅಗ್ಗದ ಅಕ್ಷರ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಮೊದಲು ಯಾವ ಅಕ್ಷರ ಬೇಕು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಆಂಧ್ರದ ಕರಾವಳಿಯಲ್ಲಿ ಅದು ಸುಲಭದ ಮಾತಲ್ಲ. ಬೆಜವಾಡಾ ಎಂದು ಆಗ ಕರೆಯುತ್ತಿದ್ದ ವಿಜಯವಾಡಕ್ಕೆ ನಿಜಾಮರ ರಾಜ್ಯದ ರೈಲು 1889ರಲ್ಲಿ ಬಂತು. ಗುಂತಕಲ್ ಕಡೆಯಿಂದ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಅದೇ ಕಾಲದ ಆಸುಪಾಸಿನಲ್ಲಿ ಕೃಷ್ಣೆಯ ದಡವನ್ನು ಸೇರಿತು. 1893ರಿಂದ 1896ರ ನಡುವೆ ಈಸ್ಟ್ ಕೋಸ್ಟ್ ಸ್ಟೇಟ್ ರೈಲ್ವೆಯ 1,287 ಕಿಲೋಮೀಟರ್ ಹಾದಿ ಕಟಕದವರೆಗೆ ಸಿದ್ಧವಾಯಿತು. ಮದರಾಸಿನ ಕೊಂಡಿ ಕೂಡಿದ್ದು 1899ರಲ್ಲಿ. ಈಸ್ಟ್ ಕೋಸ್ಟ್ ಕಂಪನಿಯ ಆಯುಷ್ಯ ಅಲ್ಪ. ವಾಲ್ಟೇರಿನಿಂದ ದಕ್ಷಿಣದ ಭಾಗವನ್ನು 1901ರಲ್ಲಿ ಮದ್ರಾಸ್ ರೈಲ್ವೆ ತೆಗೆದುಕೊಂಡಿತು, ಉತ್ತರದ ಭಾಗ ಮರುವರ್ಷ ಬೆಂಗಾಲ್ ನಾಗಪುರ ರೈಲ್ವೆಗೆ ಸೇರಿತು. ಹೀಗೆ ವಿಶಾಖಪಟ್ಟಣದ ವಾಲ್ಟೇರ್ ನಿಲ್ದಾಣ ಎರಡು ಕಂಪನಿಗಳ ಗಡಿಯಾಯಿತು.

ಕನ್ನಡಿಗನ ಕಣ್ಣು ನಿಲ್ಲುವುದು ಆ ಸದರ್ನ್ ಮರಾಠಾ ಎಂಬ ಹೆಸರಿನ ಮೇಲೆ. 1882ರಲ್ಲಿ ಹುಟ್ಟಿದ ಆ ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ಧಾರವಾಡದಲ್ಲಿ, ಕಾರ್ಯಾಗಾರ ಹುಬ್ಬಳ್ಳಿಯಲ್ಲಿ. ಅದು 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆದಾಗ, ಎಂ.ಎಸ್.ಎಂ. ಎಂಬ ಮೂರಕ್ಷರ ಹುಬ್ಬಳ್ಳಿಯಿಂದ ಬೆಜವಾಡಾವರೆಗೂ, ಅಲ್ಲಿಂದ ಬ್ರಾಡ್ ಗೇಜಿನಲ್ಲಿ ವಾಲ್ಟೇರಿನವರೆಗೂ ಒಂದೇ ಆಯಿತು. ಮೈಸೂರು ಸಂಸ್ಥಾನದ ರೈಲಿನ ಎಂ.ಎಸ್.ಆರ್. ಬೇರೆ, ಹಳೆಯ ಮಸುಕು ಚಿತ್ರಗಳಲ್ಲಿ ಕೊನೆಯ ಅಕ್ಷರ ಕಾಣದಿದ್ದರೆ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಎರಡು ರೈಲ್ವೆಗಳೂ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ವಿಲೀನವಾದವು. ಅದೇ ವರ್ಷ ನಿಜಾಮರ ರೈಲು ಮಧ್ಯ ರೈಲ್ವೆಗೆ ಹೋಯಿತು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ದಕ್ಷಿಣ ರೈಲ್ವೆ ಬಿಟ್ಟುಕೊಟ್ಟ ಎರಡು ವಿಭಾಗಗಳು ಯಾವುವೆಂದರೆ ವಿಜಯವಾಡ ಮತ್ತು ಹುಬ್ಬಳ್ಳಿ. ನೈಋತ್ಯ ರೈಲ್ವೆ 2003ರ ಏಪ್ರಿಲಿನಲ್ಲಿ ಕೆಲಸ ಆರಂಭಿಸುವ ತನಕ ಈ ಎರಡು ಊರುಗಳು ಒಂದೇ ವಲಯದಲ್ಲಿದ್ದವು. ಹಿಂದಿನ ಲೆಕ್ಕವನ್ನೂ ಸೇರಿಸಿದರೆ ಶತಮಾನಕ್ಕೂ ಮೀರಿದ ನಂಟು. ಭಾಷಾವಾರು ಪ್ರಾಂತಗಳ ನಕ್ಷೆಯನ್ನೇ ನೋಡಿ ಬೆಳೆದ ನಮಗೆ ಇದು ಹೊಳೆಯುವುದಿಲ್ಲ. ವ್ಯಾಗನ್ನಿನ ಮೇಲಿನ ಎರಡಕ್ಷರ ಅದನ್ನು ಮರೆಯದೆ ಹೇಳುತ್ತಿತ್ತು. ವಿಶಾಖಪಟ್ಟಣ ಮಾತ್ರ ಬೇರೆ ದಾರಿ ಹಿಡಿಯಿತು: ಬಿ.ಎನ್.ಆರ್., ಆಮೇಲೆ 1955ರಿಂದ ಆಗ್ನೇಯ ರೈಲ್ವೆ, 2003ರಿಂದ ಪೂರ್ವ ಕರಾವಳಿ ರೈಲ್ವೆ. 1960ರ ದಶಕದಲ್ಲಿ ಕೊತ್ತವಲಸದಿಂದ ಕಿರಂದೂಲಿಗೆ ಹಾಕಿದ ಹಾದಿಯಲ್ಲಿ ಬೈಲಾದಿಲದ ಅದಿರನ್ನು ಬಂದರಿಗೆ ಇಳಿಸಿದ ವ್ಯಾಗನ್ನುಗಳ ಮೇಲೆ ಇದ್ದದ್ದು ಆಗ್ನೇಯದ ಎಸ್.ಇ.

ಆದ್ದರಿಂದ ಮಾದರಿ ವ್ಯಾಗನ್ನಿಗೆ ಅಕ್ಷರ ಹಾಕುವುದೆಂದರೆ ಅದಕ್ಕೊಂದು ವರ್ಷವನ್ನು ಗೊತ್ತುಮಾಡುವುದು. ಸಂಖ್ಯೆಯೂ ಹಾಗೆಯೇ. ಈಗಿನ ವ್ಯಾಗನ್ನಿಗೆ 11 ಅಂಕಿಗಳಿರುತ್ತವೆ: ಮೊದಲೆರಡು ವ್ಯಾಗನ್ನಿನ ಬಗೆ, ಮುಂದಿನೆರಡು ಒಡೆತನದ ರೈಲ್ವೆ, ಆಮೇಲಿನೆರಡು ತಯಾರಾದ ವರ್ಷ, ನಾಲ್ಕು ಅದರದೇ ಕ್ರಮಸಂಖ್ಯೆ, ಕೊನೆಯದು ತಾಳೆಯ ಅಂಕಿ. ಮೊದಲ ಹತ್ತರಲ್ಲಿ ಸಮಸ್ಥಾನದ ಅಂಕಿಗಳ ಮೊತ್ತವನ್ನು ಮೂರರಿಂದ ಗುಣಿಸಿ ಬೆಸಸ್ಥಾನದವನ್ನು ಕೂಡಿಸಿದರೆ ಬರುವ ಮೊತ್ತ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯೋ ಅಷ್ಟು. ಬಾಯಿಗೆ ಬಂದ ಸಂಖ್ಯೆಯನ್ನು ಅಂಟಿಸಿದರೆ ಬಲ್ಲವರು ಬೆರಳೆಣಿಸಿ ಹಿಡಿದುಬಿಡುತ್ತಾರೆ.

ಇನ್ನು ಅಕ್ಷರ ಮೂಡಿಸುವ ಉಪಾಯ. ಮನೆಯ ಪ್ರಿಂಟರಿಗೆ ಬಿಳಿ ಎಂಬ ಬಣ್ಣವೇ ಗೊತ್ತಿಲ್ಲ. ಕಾಗದವೇ ಅದರ ಬಿಳಿ. ಜಪಾನಿನ ಆಲ್ಪ್ಸ್ ಕಂಪನಿ ಒಂದು ಕಾಲಕ್ಕೆ ಬಿಳಿ ಅಚ್ಚಿಸುವ ಯಂತ್ರ ಮಾಡುತ್ತಿತ್ತು, ನಿಲ್ಲಿಸಿ ಬಹಳ ವರ್ಷಗಳಾದವು. ನಮ್ಮ ವ್ಯಾಗನ್ನುಗಳಿಗೆ ಬೇಕಾದದ್ದು ಬಹುಪಾಲು ಬಿಳಿಯೇ ಆದ್ದರಿಂದ ಹವ್ಯಾಸಿಗಳು ಒಂದು ಒಳ್ಳೆಯ ತಿರುವು ಕಂಡುಕೊಂಡಿದ್ದಾರೆ: ಅಕ್ಷರವನ್ನು ಬಿಟ್ಟು ಅದರ ಸುತ್ತಲಿನ ಕೆಂಗಂದನ್ನು ಅಚ್ಚಿಸುವುದು. ವ್ಯಾಗನ್ನಿನ ಇಡೀ ಪಕ್ಕವನ್ನು ಕಂಪ್ಯೂಟರಿನಲ್ಲಿ ಬರೆದು, ಅಕ್ಷರದ ಜಾಗವನ್ನು ಖಾಲಿ ಬಿಟ್ಟು, ಸ್ಟಿಕ್ಕರ್ ಕಾಗದದ ಮೇಲೆ ಲೇಸರ್ ಅಚ್ಚು ತೆಗೆಸಿದರೆ ಕಾಗದದ ಬಿಳಿಯೇ ಅಕ್ಷರವಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಚಹಾ ತಿಂಡಿಯ ಖರ್ಚಿನಲ್ಲಿ ಮುಗಿಯುವ ಕೆಲಸ. ವ್ಯಾಗನ್ನಿನ ತುದಿಗಳಿಗೆ ಬಳಿದ ಬಣ್ಣವೂ ಅಚ್ಚಿನ ಬಣ್ಣವೂ ಹೊಂದಬೇಕು, ಅದೊಂದೇ ಕಷ್ಟ. ಅದಕ್ಕೆ ಎರಡರ ಮೇಲೂ ಕಲ್ಲಿದ್ದಲಿನ ಧೂಳಿನ ಬಣ್ಣವನ್ನು ಧಾರಾಳವಾಗಿ ಉಜ್ಜುವುದು ರೂಢಿ.

ಎರಡನೆಯ ದಾರಿ ಮದುವೆಯ ಕರೆಯೋಲೆ ಅಚ್ಚಿಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಕಡುಗೆಂಪು ಕಾಗದದ ಮೇಲೆ ಬಿಳಿ, ಬಂಗಾರದ ಶಾಯಿ ಹಾಕುವುದು ಅವರಿಗೆ ನಿತ್ಯದ ಕೆಲಸ. ಪಶ್ಚಿಮದ ಡೀಕಾಲುಗಳೂ ಹುಟ್ಟಿದ್ದು ಇದೇ ವಿದ್ಯೆಯಿಂದ. ತೊಡಕೆಂದರೆ ನೂರು ಪ್ರತಿಗೆ ಕಡಿಮೆ ಎಂದರೆ ಚೌಕಟ್ಟು ಕಟ್ಟುವ ಖರ್ಚು ಹುಟ್ಟುವುದಿಲ್ಲ ಎನ್ನುತ್ತಾರೆ. ನಾಲ್ಕಾರು ಜನ ಕೂಡಿ ಒಂದೇ ಹಾಳೆಯಲ್ಲಿ ಎಂ.ಎಸ್.ಎಂ., ಬಿ.ಎನ್.ಆರ್., ಎನ್.ಎಸ್.ಆರ್. ಎಲ್ಲವನ್ನೂ ಹೊಂದಿಸಿ, ಡೀಕಾಲ್ ಕಾಗದವನ್ನು ತಾವೇ ಒಯ್ದು ಕೊಟ್ಟರೆ ತಲೆಗೆ ಬೀಳುವ ಖರ್ಚು ಅಲ್ಪ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಯೋಗ್ಯವಾದ ದಾರಿ.

ವಿಜಯವಾಡದ ಆಟೋನಗರ ಲಾರಿಗಳ ಊರು. ಲಾರಿಯ ಹಣೆಗೆ, ನಂಬರ್ ಪ್ಲೇಟಿಗೆ ಅಕ್ಷರ ಕತ್ತರಿಸುವ ರೇಡಿಯಂ ಸ್ಟಿಕ್ಕರಿನವರಿಗೆ ಅಲ್ಲಿ ಬರವಿಲ್ಲ. ಆದರೆ ಕತ್ತರಿಸುವ ಯಂತ್ರದ ಅಲಗು ಎರಡು ಮಿಲಿಮೀಟರಿನ ಅಕ್ಷರಕ್ಕೆ ಒಗ್ಗುವುದಿಲ್ಲ. ಅಕ್ಷರ ಅಲಗಿನ ಜೊತೆಗೇ ಕಿತ್ತುಬರುತ್ತದೆ. 32ರಲ್ಲಿ ಒಂದರಂಥ ದೊಡ್ಡ ಅಳತೆಯ ಮಾದರಿಗಾದರೆ, ಕತ್ತರಿಸಿ ಉಳಿದ ಹಾಳೆಯನ್ನೇ ಅಚ್ಚಾಗಿ ಇಟ್ಟು ಮೇಲೆ ಬಿಳಿ ಬಣ್ಣ ಒತ್ತಬಹುದು. ನಿಜವಾದ ವ್ಯಾಗನ್ನಿಗೂ ಹೀಗೆಯೇ ಕೊರೆದ ತಗಡಿನ ಅಚ್ಚು ಇಟ್ಟು ಬರೆಯುವುದು ವಾಡಿಕೆ. ಸೊನ್ನೆಯ, ಎಂಟರ ನಡುವಿನ ಸೀಳು ಬಂದದ್ದು ಆ ತಗಡಿನಿಂದ. ಕಂಪ್ಯೂಟರಿನ ನುಣುಪಾದ ಸೊನ್ನೆಯನ್ನು ಹಾಗೆಯೇ ಇಳಿಸಿದರೆ ವ್ಯಾಗನ್ನು ಆಟಿಕೆಯಂತೆ ಕಾಣುವುದು ಈ ಸೀಳಿಲ್ಲದ ಕಾರಣಕ್ಕೆ.

ಹಳಿಯ ವಿಷಯದಲ್ಲಿ ಒಂದು ವಿನೋದವಿದೆ. ನಮ್ಮ 1,676 ಮಿಲಿಮೀಟರಿನ ಬ್ರಾಡ್ ಗೇಜ್ 87ನೆಯ ಒಂದಕ್ಕೆ ಇಳಿದಾಗ 19 ಮಿಲಿಮೀಟರ್ ದಾಟುತ್ತದೆ, ಅಂಗಡಿಯಲ್ಲಿ ಸಿಗುವ ಹಳಿ 16.5ರದು. ಮೀಟರ್ ಗೇಜ್ ಮಾತ್ರ ಹನ್ನೊಂದೂವರೆಯಾಗಿ, ಸ್ವಿಸ್ ಬೆಟ್ಟದ ರೈಲುಗಳಿಗಾಗಿ ಮಾಡಿದ 12 ಮಿಲಿಮೀಟರಿನ ಹಳಿಗೆ ಬಹುಮಟ್ಟಿಗೆ ಹೊಂದುತ್ತದೆ. ಎಂದೋ ಬ್ರಾಡ್ ಗೇಜಾಗಿ ಮಾರ್ಪಟ್ಟ ಗುಂತಕಲ್–ಬೆಜವಾಡಾ ಹಾದಿಯನ್ನು ಮೇಜಿನ ಮೇಲೆ ಅಳತೆ ತಪ್ಪದೆ ಹಾಸಬಹುದು, ದಿನವೂ ಎದುರಿಗೆ ಓಡುತ್ತಿರುವ ಹಾದಿಯನ್ನು ಆಗದು.

ಅಕ್ಷರಗಳ ದಾಖಲೆಯೇ ನಮ್ಮಲ್ಲಿ ಕಡಿಮೆ. ಎಂಜಿನ್ನಿನ ಚಿತ್ರ ತೆಗೆದವರು ಅನೇಕರು, ಸರಕು ವ್ಯಾಗನ್ನಿನ ಪಕ್ಕವನ್ನು ಓದಲು ಬರುವಂತೆ ತೆಗೆದವರು ಕೆಲವರೇ. ವಿಜಯವಾಡದ ಬಳಿಯ ರಾಯನಪಾಡು, ವಿಶಾಖಪಟ್ಟಣದ ವಡ್ಲಪೂಡಿಯಂಥ ಕಾರ್ಯಾಗಾರಗಳಿಗೆ ವ್ಯಾಗನ್ನು ದುರಸ್ತಿಗೆ ಬಂದು ಹೊಸ ಬಣ್ಣ ಬಳಿಸಿಕೊಂಡಾಗ ಹಳೆಯ ಬರಹ ಅಡಿಯಲ್ಲಿ ಹೋಗುತ್ತದೆ. ವಿಶಾಖಪಟ್ಟಣವನ್ನೇ ಕೇಂದ್ರವಾಗಿಸಿ ದಕ್ಷಿಣ ಕರಾವಳಿ ರೈಲ್ವೆಯನ್ನು 2019ರ ಫೆಬ್ರವರಿಯಲ್ಲಿ ಘೋಷಿಸಲಾಯಿತು. ಅದರ ಕೇಂದ್ರ ಕಚೇರಿಗೆ 2025ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಇಂಗ್ಲಿಷಿನಲ್ಲಿ ದಕ್ಷಿಣ ಮಧ್ಯಕ್ಕೂ ಈ ಹೊಸದಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಸಣ್ಣ 'ಓ' ಮಾತ್ರ. ವಿಜಯವಾಡದ ನೆನಪಿಗೆಂದು ವ್ಯಾಗನ್ನು ಮಾಡಹೊರಟವರು ದಕ್ಷಿಣ ಮಧ್ಯದ ಹಳೆಯ ಬರಹವನ್ನು ಈಗಲೇ ಫೋಟೋ ಹಿಡಿದಿಟ್ಟುಕೊಳ್ಳಲಿ. ಪಕ್ಕದಲ್ಲೊಂದು ಅಳತೆಗೋಲು ಇದ್ದರೆ ಅಕ್ಷರದ ಎತ್ತರವೂ ಸಿಕ್ಕೀತು.