ಘಟ್ಟದ ಬುಡದಲ್ಲಿ ಸರಕಾರ ಕಲಿತದ್ದೆಷ್ಟು?

ಬಂದೂಕು ಹಿಡಿದು ಕಾಡು ಸೇರಿದವರಿಗೆ ಸರಕಾರ ಹೇಗೆ ಉತ್ತರ ಕೊಡಬೇಕು ಎಂಬುದು ಈಗ ಒಂದು ಶಾಸ್ತ್ರವೇ ಆಗಿದೆ. ಅದರ ಪುಸ್ತಕಗಳನ್ನು ತೆರೆದರೆ ಮಲಯ, ಅಲ್ಜೀರಿಯ, ವಿಯೆಟ್ನಾಂ ಎದುರಾಗುತ್ತವೆ. ಭಾರತದ ಅಧ್ಯಾಯಕ್ಕೆ ಬಂದರೆ ನಾಗಾಲ್ಯಾಂಡ್, ಮಿಜೋರಂ, ಪಂಜಾಬ್, ಬಸ್ತಾರ್. ಕಾರ್ಕಳ, ಹೆಬ್ರಿಯ ಹೆಸರು ಅಡಿಟಿಪ್ಪಣಿಯಲ್ಲಿ ಸಿಕ್ಕರೂ ಹೆಚ್ಚು. ಆದರೆ 2024ರ ನವೆಂಬರ್ 18ರ ರಾತ್ರಿ ಕಬ್ಬಿನಾಲೆಯ ಪೀತಬೈಲಿನಲ್ಲಿ ಪೊಲೀಸರ ಗುಂಡಿಗೆ ಸತ್ತ ನಕ್ಸಲ್ ನಾಯಕ ವಿಕ್ರಂ ಗೌಡರ ದೇಹ ಮರಣೋತ್ತರ ಪರೀಕ್ಷೆಗೆ ಬಂದದ್ದು ಮಣಿಪಾಲಕ್ಕೆ. ಆಸ್ಪತ್ರೆಯ ಆವರಣದಲ್ಲಿ ಓಡಾಡುವ ದೇಶವಿದೇಶದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಅದು ಗೊತ್ತಾಯಿತೋ! ಪೂರ್ವಕ್ಕೆ ತಿರುಗಿದರೆ ಕಾಣುವ ನೀಲಿ ಬೆಟ್ಟಸಾಲಿನಲ್ಲಿ ಎರಡು ದಶಕ ನಡೆದದ್ದು ಆ ಶಾಸ್ತ್ರದ ಒಂದು ಪೂರ್ಣ ಪ್ರಯೋಗ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಮಲೆನಾಡಿನ ನಕ್ಸಲರು ಪ್ರತ್ಯೇಕ ನಾಡು ಕೇಳಿದವರಲ್ಲ. ಅವರಿಗೆ ಬೇಕಿದ್ದದ್ದು ಇಡೀ ದೇಶದ ಅಧಿಕಾರ. ಆಳುವವರಿಂದ ಬೇರೆಯಾಗಿ ತಮ್ಮದೇ ಅರಸೊತ್ತಿಗೆ ಕಟ್ಟಲು ಹೊರಟ ದಂಗೆಯನ್ನು ಈ ಸೀಮೆ ಕಂಡದ್ದು 1837ರಲ್ಲಿ. ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಮೇಲೆ ಅಮರ ಸುಳ್ಯ, ಪುತ್ತೂರು ಭಾಗವನ್ನು ಕೆನರಾಕ್ಕೆ ಸೇರಿಸಿದರು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿದರು. ರೈತರು ಹಾಲೇರಿ ಅರಸರ ಹೆಸರಿನಲ್ಲಿ ದಂಡು ಕಟ್ಟಿ ಮಂಗಳೂರಿಗೆ ಬಂದು ಸುಮಾರು ಎರಡು ವಾರ ಊರನ್ನೇ ಹಿಡಿದಿಟ್ಟುಕೊಂಡರು. ಕಂಪನಿ ಸೈನ್ಯ ತರಿಸಿತು, ಬಿಕರ್ನಕಟ್ಟೆಯಲ್ಲಿ ನೇಣು ಹಾಕಿತು. ದಂಗೆ ಮುಗಿಯಿತು. ಕಾರಣ ಆಡಳಿತದ್ದು, ಉತ್ತರ ಮಾತ್ರ ಸೈನ್ಯದ್ದು. ಮುಂದೆ ನಾವು ನೋಡುವ ಬಹುತೇಕ ಕತೆಗಳ ಅಚ್ಚು ಇದೇ.

ಇಪ್ಪತ್ತನೆಯ ಶತಮಾನದ ನಡುವೆ ಬ್ರಿಟಿಷರು ಈ ಅಚ್ಚನ್ನು ತುಸು ಬದಲಿಸಿದರು. ಮಲಯದ ತುರ್ತುಸ್ಥಿತಿ 1948ರಿಂದ 1960ರವರೆಗೆ ನಡೆಯಿತು. 1952ರಲ್ಲಿ ಅಲ್ಲಿಗೆ ಹೋದ ಜನರಲ್ ಜೆರಾಲ್ಡ್ ಟೆಂಪ್ಲರ್, ಜನರ ಮನಸ್ಸು ಗೆಲ್ಲಬೇಕೆಂಬ ಮಾತಿನಿಂದ ಪ್ರಸಿದ್ಧರಾದರು. ಫ್ರಾನ್ಸಿನ ಡೇವಿಡ್ ಗಲುಲಾ ತಮ್ಮ ಅಲ್ಜೀರಿಯದ ಅನುಭವದ ಮೇಲೆ 1964ರಲ್ಲಿ, ಮಲಯದಲ್ಲಿ ಕೆಲಸ ಮಾಡಿದ ರಾಬರ್ಟ್ ಥಾಂಪ್ಸನ್ 1966ರಲ್ಲಿ ಬರೆದ ಪುಸ್ತಕಗಳು ಈ ಶಾಸ್ತ್ರದ ಆಧಾರಗ್ರಂಥಗಳಾದವು. ಕಾಡಿನಲ್ಲಿರುವವನ ಬೆನ್ನು ಹತ್ತುವುದಕ್ಕಿಂತ ಅವನಿಗೆ ಅಕ್ಕಿ ಕೊಡುವ ಊರನ್ನು ತನ್ನ ಕಡೆ ಮಾಡಿಕೊಳ್ಳುವುದು ಮುಖ್ಯ ಎಂಬುದು ಇಬ್ಬರ ತಿರುಳು. ಮಲಯದ ಮಾದರಿಯನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಗಳು ಎರಡು. ಟೆಂಪ್ಲರ್ ಬರುವ ಮೊದಲೇ ಆರಂಭವಾಗಿದ್ದ ಬ್ರಿಗ್ಸ್ ಯೋಜನೆಯಡಿ ಸುಮಾರು 5 ಲಕ್ಷ ಜನರನ್ನು ಎಬ್ಬಿಸಿ ಮುಳ್ಳುತಂತಿಯೊಳಗಿನ ‘ಹೊಸ ಹಳ್ಳಿ’ಗಳಿಗೆ ಹಾಕಲಾಯಿತು. 1957ರಲ್ಲಿ ದೇಶಕ್ಕೆ ಸ್ವಾತಂತ್ರ್ಯವೇ ಸಿಕ್ಕಿ ಬಂಡಾಯಗಾರರ ಕೈಯಲ್ಲಿದ್ದ ಅತಿ ದೊಡ್ಡ ವಾದ ಜಾರಿಹೋಯಿತು.

ಆ ಹೊಸ ಹಳ್ಳಿಗಳ ಕಲ್ಪನೆ ಮಿಜೋ ಬೆಟ್ಟಗಳಿಗೂ ಬಂತು. 1959ರಲ್ಲಿ ಬಿದಿರು ಹೂಬಿಟ್ಟು ಇಲಿ ಹೆಚ್ಚಿ ಬರ ಬಿತ್ತು. ಅಸ್ಸಾಂ ಸರಕಾರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಬರಪರಿಹಾರಕ್ಕೆ ಹುಟ್ಟಿದ ಸಂಘಟನೆಯೇ ಮಿಜೋ ನ್ಯಾಷನಲ್ ಫ್ರಂಟ್ ಆಗಿ 1966ರಲ್ಲಿ ಸ್ವಾತಂತ್ರ್ಯ ಘೋಷಿಸಿತು. ಆ ಮಾರ್ಚಿನಲ್ಲಿ ಭಾರತೀಯ ವಾಯುಪಡೆ ಐಜಾಲಿನ ಮೇಲೆ ದಾಳಿ ನಡೆಸಿತು, ನಂತರ ನೂರಾರು ಹಳ್ಳಿಗಳನ್ನು ಒಟ್ಟುಗೂಡಿಸಲಾಯಿತು. ಇಪ್ಪತ್ತು ವರ್ಷ ಕಳೆದು 1986ರ ಜೂನ್ 30ರಂದು ಒಪ್ಪಂದವಾಯಿತು. ಚುನಾಯಿತ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಕುರ್ಚಿ ಬಿಟ್ಟುಕೊಟ್ಟರು, ಬಂಡಾಯದ ನಾಯಕ ಲಾಲ್‌ಡೆಂಗಾ ಅದರಲ್ಲಿ ಕುಳಿತರು, ಮರುವರ್ಷ ಮಿಜೋರಂ ರಾಜ್ಯವಾಯಿತು. ಭಾರತ ಪ್ರತ್ಯೇಕತಾವಾದಕ್ಕೆ ಕೊಟ್ಟ ಉತ್ತರಗಳಲ್ಲಿ ಪೂರ್ತಿ ಫಲ ಕೊಟ್ಟದ್ದು ಇದೊಂದೇ ಎಂಬುದು ನನ್ನ ಎಣಿಕೆ. ಎದುರಾಳಿಗೆ ಮರಳಿ ಬರಲು ಒಂದು ಗೌರವದ ಜಾಗ ತೋರಿಸಿದ್ದೇ ಅದರ ಗುಟ್ಟು. ಪಂಜಾಬಿನಲ್ಲಿ ಪೊಲೀಸರು ಗೆದ್ದರು, ನಿಜ. ನಾಪತ್ತೆಯಾದವರ ಲೆಕ್ಕ ಇನ್ನೂ ಮುಗಿದಿಲ್ಲ.

ಕರ್ನಾಟಕಕ್ಕೆ ಹತ್ತಿರದ ಪಾಠಶಾಲೆ ಆಂಧ್ರ. 1989ರಲ್ಲಿ ಅಲ್ಲಿ ಗ್ರೇಹೌಂಡ್ಸ್ ಎಂಬ ವಿಶೇಷ ಪಡೆ ಹುಟ್ಟಿತು. ಅದೇ ಆಂಧ್ರದಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಮುಂದಾಳತ್ವದ ನಾಗರಿಕರ ಸಮಿತಿ ಎರಡೂ ಕಡೆಯವರನ್ನು ಪ್ರಶ್ನಿಸುತ್ತ ಮಾತುಕತೆಗೆ ನೆಲ ಹದ ಮಾಡಿತು. 2004ರ ಅಕ್ಟೋಬರಿನಲ್ಲಿ ನಕ್ಸಲ್ ನಾಯಕರು ಕಾಡಿನಿಂದ ಇಳಿದು ಹೈದರಾಬಾದಿನಲ್ಲಿ ಸರಕಾರದ ಎದುರು ಕುಳಿತರು. ಮೂರು ತಿಂಗಳಲ್ಲಿ ಎಲ್ಲ ಮುರಿದುಬಿತ್ತು. ನೆರೆಯ ರಾಜ್ಯಗಳ ಗೃಹ ಇಲಾಖೆಗಳು ಗ್ರೇಹೌಂಡ್ಸಿನಿಂದ ಕಲಿತವು. ಶಂಕರನ್ ಅವರಿಂದ ಕಲಿತವರು ಇಲಾಖೆಯ ಹೊರಗಿದ್ದವರು.

ಇಲ್ಲಿನ ಕತೆಗೆ ಬರೋಣ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರಸ್ತಾವ 1987ರದು, ಅಂತಿಮ ಅಧಿಸೂಚನೆ ಬಂದದ್ದು 2001ರಲ್ಲಿ. ಸುಮಾರು 600 ಚದರ ಕಿಲೋಮೀಟರಿನ ಈ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರು ಜಿಲ್ಲೆಗಳಲ್ಲಿ ಹಬ್ಬಿದೆ. ಅದರೊಳಗೆ ಮಲೆಕುಡಿಯ ಬುಡಕಟ್ಟಿನವರ ಮನೆಗಳಿದ್ದವು, ಗೌಡರ, ಪೂಜಾರಿಗಳ ತೋಟ ಗದ್ದೆಗಳಿದ್ದವು. ರಾಮಪತ್ರೆ, ಸೀಗೆಕಾಯಿ, ಜೇನು ತಂದು ಮಾರುವವರಿಗೆ ಕಾಡು ಒಮ್ಮೆಲೇ ಬೇಲಿಯಾಯಿತು. ಅದೇ ಕಾಡಿನ ನಡುವೆ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಬೆಟ್ಟ ಅಗೆಯುತ್ತಲೇ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ ಅದು ನಿಂತದ್ದು 2005ರ ಕೊನೆಗೆ. ಬೆಟ್ಟ ಅಗೆಯುವವರಿಗೆ ಪರವಾನಗಿ, ಸೀಗೆಕಾಯಿ ಕೊಯ್ಯುವವನಿಗೆ ಕೇಸು. ಇದಕ್ಕಿಂತ ಒಳ್ಳೆಯ ಭಾಷಣದ ವಸ್ತು ಯಾವ ಪಕ್ಷದ ಪ್ರಚಾರಕನಿಗೂ ಬೇಕಿರಲಿಲ್ಲ. ಉದ್ಯಾನ ವಿರೋಧಿ ಹೋರಾಟಕ್ಕೆ ಬಂದ ಹುಡುಗ ಹುಡುಗಿಯರಲ್ಲಿ ಕೆಲವರು ಕಾಡು ಸೇರಿದರು. ನಾಡ್ಪಾಲಿನ ವಿಕ್ರಂ ಗೌಡ ಆ ಪೈಕಿ ಒಬ್ಬರು.

ಸರಕಾರದ ಮೊದಲ ಉತ್ತರ ಗುಂಡೇ. 2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದು ಗ್ರಾಮದಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಯುವತಿಯರು ಎನ್‌ಕೌಂಟರಿನಲ್ಲಿ ಸತ್ತರು. ಕರಾವಳಿಯ ಪೇಟೆಗಳಿಗೆ ನಕ್ಸಲ್ ಎಂಬುದು ಪಕ್ಕದ ಊರಿನ ಸುದ್ದಿಯಾದದ್ದು ಅಂದಿನಿಂದ. ಮಾತುಕತೆಯ ಸುಳಿವು ಆಗಲೂ ಇತ್ತು: ಶಾಂತಿಗಾಗಿ ನಾಗರಿಕರ ವೇದಿಕೆ ಕಟ್ಟಿದವರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಇದ್ದರು. ಆದರೆ 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಾಳಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಹತರಾದರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟ ಬರೆದವರು ಅವರು. ಅದೇ ವಾರ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಶಿಬಿರದ ಮೇಲೆ ಸೇಡಿನ ದಾಳಿ ನಡೆಯಿತು; ಶಾಲೆಯ ಕೋಣೆಯಲ್ಲಿ ಮಲಗಿದ್ದ ಪೊಲೀಸರು ಸತ್ತರು. ಮಾತಿನ ಬಾಗಿಲು ಮುಚ್ಚಿತು. ನಕ್ಸಲ್ ನಿಗ್ರಹ ಪಡೆ ಕಾರ್ಕಳದಲ್ಲಿ ನೆಲೆಯಾಯಿತು, ಕೂಂಬಿಂಗ್ ಎಂಬ ಪದ ಅಡಿಕೆ ಸುಲಿಯುವ ಚಾವಡಿಗಳಲ್ಲೂ ಕೇಳತೊಡಗಿತು.

ಮುಂದಿನ ಏಳೆಂಟು ವರ್ಷಗಳ ಲೆಕ್ಕ ಎರಡೂ ಕಡೆ ಕಹಿ. 2007ರ ಜುಲೈಯಲ್ಲಿ ಕೊಪ್ಪ ತಾಲ್ಲೂಕಿನ ಒಡೆಯರಮಠದಲ್ಲಿ ಐವರು ಗುಂಡಿಗೆ ಬಿದ್ದರು. ಅವರಲ್ಲಿ ಅದೇ ಊರಿನ ಕೂಲಿಯ ದಂಪತಿಯೂ ಇದ್ದರು. ನಕ್ಸಲರು 2008ರ ಮೇ 15ರಂದು ಸೀತಾನದಿಯಲ್ಲಿ ಒಬ್ಬ ಶಾಲಾ ಶಿಕ್ಷಕರನ್ನೂ ಅವರ ಸಂಬಂಧಿಯನ್ನೂ ಕೊಂದರು. 2011ರ ಕೊನೆಗೆ ಕಬ್ಬಿನಾಲೆಯ ಗ್ರಾಮಸ್ಥರೊಬ್ಬರನ್ನು ಪೊಲೀಸರಿಗೆ ಮಾಹಿತಿ ಕೊಟ್ಟರೆಂದು ಕೊಂದರು. ಹಗಲು ಒಬ್ಬರು ಬಂದು ‘ಊಟ ಕೊಟ್ಟೆಯಾ’ ಎಂದು ಕೇಳುವುದು, ರಾತ್ರಿ ಇನ್ನೊಬ್ಬರು ಬಂದು ‘ಸುದ್ದಿ ಕೊಟ್ಟೆಯಾ’ ಎಂದು ಕೇಳುವುದು. ಗಲುಲಾ ಪುಸ್ತಕದಲ್ಲಿ ಇದಕ್ಕೆ ಜನರಿಗಾಗಿ ನಡೆಯುವ ಪೈಪೋಟಿ ಎನ್ನುತ್ತಾರೆ. ಆ ಪೈಪೋಟಿಯಲ್ಲಿ ನಕ್ಸಲರು ಸೋತದ್ದಕ್ಕೆ ಪೊಲೀಸರ ಜಾಣ್ಮೆಗಿಂತ ಈ ಕೊಲೆಗಳೇ ಹೆಚ್ಚಿನ ಕಾರಣ ಎಂದು ನನಗನಿಸುತ್ತದೆ. ಕೊಲ್ಲಲ್ಪಟ್ಟವರು ಊರಿನವರು, ಅವರ ಮನೆಯವರನ್ನು ದಿನಾ ನೋಡುವವರು ಊರಿನವರು.

ಇದರ ನಡುವೆ ಯಾರೂ ಗಮನಿಸದ ಒಂದು ಬಿರುಕು ಮೂಡಿತ್ತು. ಮಲೆನಾಡಿನಲ್ಲಿ ಸಶಸ್ತ್ರ ಹೋರಾಟ ಸರಿಯಾದ ದಾರಿಯಲ್ಲವೆಂದು ವಾದಿಸಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮತ್ತಿತರರು 2006ರ ಹೊತ್ತಿಗೇ ಮಾವೋವಾದಿ ಪಕ್ಷದಿಂದ ಹೊರಬಂದಿದ್ದರು. ಆದರೂ ಅವರು ನಾಡಿಗೆ ಬಂದದ್ದು 2014ರ ಡಿಸೆಂಬರಿನಲ್ಲಿ, ಚಿಕ್ಕಮಗಳೂರಿನಲ್ಲಿ. ಎಂಟು ವರ್ಷ! ಬಂದೂಕು ಬೇಡವೆಂದವನಿಗೂ ಭೂಗತನಾಗಿಯೇ ಇರಬೇಕಾಗಿತ್ತು, ಏಕೆಂದರೆ ಹೊರಬಂದರೆ ಏನಾಗುತ್ತದೆ ಎಂದು ಭರವಸೆ ಕೊಡುವವರಿರಲಿಲ್ಲ. ಶರಣಾಗತಿ ಪ್ಯಾಕೇಜ್ ಕಾಗದದ ಮೇಲೆ ಇತ್ತು. ಅದರಲ್ಲಿ ಹಣದ ಮೊತ್ತ ಇತ್ತು, ನಂಬಬಹುದಾದ ಮನುಷ್ಯ ಇರಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಮಧ್ಯೆ ನಿಂತ ಮೇಲೆ ಬಾಗಿಲು ತೆರೆಯಿತು. ‘ಶರಣಾಗತಿ’ ಬೇಡ, ‘ಮುಖ್ಯವಾಹಿನಿಗೆ ಬರುವುದು’ ಎನ್ನಿ ಎಂಬ ಹಟವನ್ನೂ ಸರಕಾರ ಒಪ್ಪಿತು. ಕಾಸು ಖರ್ಚಿಲ್ಲದ ರಿಯಾಯಿತಿ ಅದು. ಐಜಾಲಿನಲ್ಲಿ ಕುರ್ಚಿ ಬಿಟ್ಟುಕೊಟ್ಟದ್ದರ ಸಣ್ಣ ರೂಪ. 2016, 2017ರಲ್ಲಿ ಇನ್ನಷ್ಟು ಮಂದಿ ಇದೇ ಹಾದಿಯಲ್ಲಿ ಬಂದರು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶ್ ಕೊಲೆಯಾದರು. ಮಧ್ಯಸ್ಥರಲ್ಲಿ ಒಬ್ಬರು ಕಡಿಮೆಯಾದರು.

ಸರಕಾರದ ಉತ್ತರ ಒಂದೇ ಬಾಯಿಯದಲ್ಲ ಎಂಬುದಕ್ಕೆ ಕುತ್ಲೂರು ಸಾಕ್ಷಿ. ಬೆಳ್ತಂಗಡಿ ತಾಲ್ಲೂಕಿನ, ಕಾರ್ಕಳದ ಅಂಚಿನ ಊರು ಅದು. 2012ರ ಮಾರ್ಚಿನಲ್ಲಿ ಅಲ್ಲಿನ ಮಲೆಕುಡಿಯ ಯುವಕನನ್ನು, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾತನನ್ನು, ತಂದೆಯ ಜತೆ ಬಂಧಿಸಿದರು. ಸಾಕ್ಷ್ಯದ ಪಟ್ಟಿಯಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವಿತ್ತು. ಊರಿಗೆ ಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸೋಣ ಎಂಬ ಪತ್ರವಿತ್ತು. ಕೈಕೋಳ ತೊಟ್ಟು ಪರೀಕ್ಷೆ ಬರೆದ ಚಿತ್ರ ನಾಡೆಲ್ಲ ನೋಡಿತು. 2021ರ ಅಕ್ಟೋಬರಿನಲ್ಲಿ ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಅದೇ ಕುತ್ಲೂರಿಗೆ ಸಾಹಸ ಪ್ರವಾಸದ ವಿಭಾಗದಲ್ಲಿ ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಕೊಟ್ಟಿತು. ಮತ್ತೆ ನಾಲ್ಕು ತಿಂಗಳಿಗೆ ಅದೇ ಊರಿನ ಸುಂದರಿ ಕಾಡಿನಿಂದ ಹೊರಬಂದರು. ಪೊಲೀಸ್ ಇಲಾಖೆಗೆ ಒಂದು ಊರು, ಪ್ರವಾಸೋದ್ಯಮಕ್ಕೆ ಇನ್ನೊಂದು, ನ್ಯಾಯಾಲಯಕ್ಕೆ ಮತ್ತೊಂದು. ಊರಿನವರಿಗೆ ಮಾತ್ರ ಇರುವುದೊಂದೇ.

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಎದುರು ಆರು ಮಂದಿ ಶಸ್ತ್ರ ತ್ಯಜಿಸಿದರು: ಮುಂಡಗಾರು ಲತಾ, ಸುಂದರಿ, ವನಜಾಕ್ಷಿ, ಮಾರೆಪ್ಪ ಅರೋಲಿ, ಕೇರಳದ ಜಿಷಾ, ತಮಿಳುನಾಡಿನ ವಸಂತ್. ಫೆಬ್ರವರಿ ಆರಂಭದಲ್ಲಿ ಕೋಟೆಹೊಂಡ ರವೀಂದ್ರ ಚಿಕ್ಕಮಗಳೂರು ಜಿಲ್ಲೆಯಲ್ಲಿ, ತೊಂಬಟ್ಟು ಲಕ್ಷ್ಮೀ ಉಡುಪಿಯಲ್ಲಿ ಹಾಜರಾದರು. ಮಧ್ಯೆ ನಿಂತವರು ಬಂಜಗೆರೆ ಜಯಪ್ರಕಾಶ್, ಪಾರ್ವತೀಶ ಬಿಳಿದಾಳೆ, ಕೆ.ಪಿ. ಶ್ರೀಪಾಲ್ ಅವರಿದ್ದ ಸಮಿತಿ. ಆ ಆರು ಮಂದಿ ಹೊರಬಂದಾಗ ಪೀತಬೈಲಿನ ಗುಂಡಿನ ಸದ್ದು ಅಡಗಿ ಎರಡು ತಿಂಗಳೂ ಆಗಿರಲಿಲ್ಲ. ಗುಂಡಿನ ಭಯಕ್ಕೆ ಬಂದರು ಎನ್ನುವವರಿದ್ದಾರೆ. ಮಾತಿಗೆ ಬಂದರು ಎನ್ನುವವರೂ ಇದ್ದಾರೆ. ಭಯ ಇಪ್ಪತ್ತು ವರ್ಷವೂ ಇತ್ತು, ಆಗ ಬರಲಿಲ್ಲ. ಭಯದ ಜತೆಗೆ ನಂಬಿಗಸ್ತ ಮಧ್ಯಸ್ಥರಿದ್ದಾಗ ಬಂದರು. ಹಾಗೆಂದು ಪೀತಬೈಲಿನ ಪ್ರಶ್ನೆ ಮುಗಿಯುವುದಿಲ್ಲ: ಎನ್‌ಕೌಂಟರ್ ಸಾವುಗಳಿಗೆ ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯವೆಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ನ್ಯಾಯಾಂಗ ತನಿಖೆ ಬೇಕೆಂಬ ಒತ್ತಾಯವೂ ಕೇಳಿಬಂತು.

ಇನ್ನು ಕಂದಾಯ ಮತ್ತು ಅರಣ್ಯ ಇಲಾಖೆಗಳ ಉತ್ತರ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೆಯ ಸೆಕ್ಷನ್ನಿನ ಎರಡನೆಯ ಉಪಸೆಕ್ಷನ್ ನನ್ನ ಮಟ್ಟಿಗೆ ಈ ಇಡೀ ಶಾಸ್ತ್ರದ ಅತ್ಯುತ್ತಮ ಸಾಧನ. ರಸ್ತೆ, ಶಾಲೆ, ಅಂಗನವಾಡಿ, ವಿದ್ಯುತ್ ತಂತಿ, ಕುಡಿಯುವ ನೀರಿನಂಥ ಸೌಕರ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡುಜಾಗ ಸಾಕಾದರೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬೇಕಿಲ್ಲದಿದ್ದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ವಿಭಾಗೀಯ ಅರಣ್ಯಾಧಿಕಾರಿಯ (ಡಿಎಫ್‌ಒ) ಮಟ್ಟದಲ್ಲೇ ಅನುಮತಿ ಕೊಡಬಹುದು. ದೆಹಲಿಗೆ ಕಡತ ಹೋಗಬೇಕಿಲ್ಲ. ‘ನಕ್ಸಲ್ ಪೀಡಿತ ಪ್ರದೇಶದ ಪ್ಯಾಕೇಜ್’ ಎಂದು ಕಾಂಕ್ರೀಟು ರಸ್ತೆಗೆ ಹಣ ಬಂದಾಗ ಅದು ಅರಣ್ಯದ ಗಡಿಕಲ್ಲಿಗೆ ಬಂದು ನಿಲ್ಲುವುದನ್ನು ತಪ್ಪಿಸಲು ಇಷ್ಟೇ ಸಾಕಿತ್ತು. ಹಕ್ಕುಪತ್ರದ ವಿಷಯದಲ್ಲಿ ಬುಡಕಟ್ಟಿನವರಿಗೆ 2005ರ ಡಿಸೆಂಬರ್ 13ರ ಮೊದಲಿನ ವಾಸ ಸಾಕು. ಉಳಿದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ದಾಖಲೆ ತರಬೇಕು. ಒಂದೇ ತೋಡಿನ ನೀರು ಕುಡಿಯುವ ಎರಡು ಮನೆಗಳಲ್ಲಿ ಒಂದಕ್ಕೆ ಪತ್ರ, ಇನ್ನೊಂದಕ್ಕೆ ತಿರಸ್ಕಾರದ ನೋಟಿಸು.

ನಕ್ಸಲ್ ನಿಗ್ರಹ ಪಡೆಗೆ ಈಗ ಕೆಲಸ ಕಡಿಮೆ. 2025ರ ಜೂನಿನಲ್ಲಿ ಅದರಿಂದಲೇ 248 ಮಂದಿಯನ್ನು ತೆಗೆದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಗಳಿಗೆ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ರಚಿಸಿದರು. ಪಡೆಯನ್ನು ಮರುಬಳಕೆ ಮಾಡುವುದು ಸರಕಾರಕ್ಕೆ ಸುಲಭವೇ. ಹೊರಬಂದವರಿಗೆ ಕೊಟ್ಟ ಮಾತು ಅಷ್ಟು ಸುಲಭವಲ್ಲ. ಪ್ಯಾಕೇಜಿನ ಹಣ ಕಂತಿನಲ್ಲಿ ಬರುತ್ತದೆ, ಮೊಕದ್ದಮೆಗಳು ಒಟ್ಟಿಗೇ ನಿಲ್ಲುತ್ತವೆ. ಆರು ಮಂದಿಯ ಮೇಲಿನ ಪ್ರಕರಣಗಳು ಕರ್ನಾಟಕದ ಹಲವು ಠಾಣೆಗಳಲ್ಲಿವೆ, ಕೇರಳದಲ್ಲೂ ಇವೆ. ತ್ವರಿತ ನ್ಯಾಯಾಲಯದ ಭರವಸೆ ಕೊಟ್ಟದ್ದು ಬೆಂಗಳೂರು. ಗಡಿಯಾಚೆಯ ನ್ಯಾಯಾಲಯವನ್ನಾಗಲಿ ಕೇಂದ್ರದ ತನಿಖಾ ಸಂಸ್ಥೆಯನ್ನಾಗಲಿ ಆ ಭರವಸೆ ಕಟ್ಟಿಹಾಕುವುದಿಲ್ಲ. ಅದಕ್ಕೆ ಎರಡು ರಾಜ್ಯಗಳ ಗೃಹ ಇಲಾಖೆಗಳೂ ಕೇಂದ್ರವೂ ಕುಳಿತು ಸಹಿ ಹಾಕಿದ ಒಡಂಬಡಿಕೆ ಬೇಕು.